ಮಸಿ ಹತ್ತದ ಕಾಗದ

ಕಿಶೋರ ಮಡಕೆಯೊಳಗಿನ ಬೆರಣಿಗೆ ಮೂರನೆಯ ಸಲ ತುಪ್ಪ ಸುರಿದ. ಬೆಂಕಿ ಹತ್ತಲಿಲ್ಲ. ಹೊಗೆ ಮಾತ್ರ ಎದ್ದು, ಸೂರತ್ತಿನ ಆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಅವನ ತಂದೆಯ ಚಟ್ಟದ ಸುತ್ತ ನಿಂತವರೆಲ್ಲ ಕೆಮ್ಮಿದರು.

"ಸಾಕು ಮಾರಾಯಾ. ಹತ್ತದ ಬೆಂಕಿಗೆ ಎಣ್ಣೆ ಸುರೀಬಾರ್ದು. ಮೊದ್ಲು ಗಾಳಿ ಕೊಡು. ನಿಮ್ಮಪ್ಪ ನೋಡಿದ್ರೆ ಬೈತಿದ್ರು," ಎಂದ ಹರಿಪ್ರಸಾದ. ಬಾಯ್ಲರುಗಳಿಗೆ ಬರ್ನರ್ ಕೂರಿಸುವ ಕೆಲಸದಲ್ಲಿ ಕಿಶೋರನ ತಂದೆ ಭೀಮಸೇನರಾಯರ ಜೊತೆ ಇಪ್ಪತ್ತು ವರ್ಷ ದುಡಿದವನು.

"ಪಪ್ಪಾ ಎಲ್ಲಿ ಬೈತಿದ್ರು ಅಂಕಲ್, ಒನ್ ಅವರ್ ಲೆಕ್ಚರ್ ಕೊಡ್ತಿದ್ರು," ಎಂದು ಕಿಶೋರ ಕಣ್ಣೊರೆಸಿಕೊಂಡು ಬೀಸಣಿಗೆ ಹಿಡಿದ.

ಅಷ್ಟರಲ್ಲಿ ಹರಿಪ್ರಸಾದನ ಫೋನ್ ಬಡಿದುಕೊಂಡಿತು. ಊರ ಹೊರಗಿನ ಸಚಿನ್ ಕೈಗಾರಿಕಾ ಪ್ರದೇಶದ, ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಿಂದ. ರಾಯರು ಮೊನ್ನೆ ಬರ್ನರ್ ಕೂರಿಸಿ, ಇಂದು ಹೊತ್ತಿಸುತ್ತೇನೆಂದು ಹೇಳಿ ಬಂದಿದ್ದರು.

"ಕಿತನೀ ಬಾರ್ ದಬಾಯಾ? ಪಾಂಚ್ ಬಾರ್?" ಹರಿಪ್ರಸಾದ ದನಿ ಏರಿಸಿದ. "ಹಾಥ್ ಮತ್ ಲಗಾನಾ!"

ರಾಯರ ಹೆಂಡತಿ ಗೌರಮ್ಮನ ಕಡೆ ತಿರುಗಿದ. "ಅತ್ಗೇ, ಉರಿ ಹಿಡೀದೆ ಮಿಷಿನ್ ನಿಂತಿದೆ. ಆಪರೇಟರ್ ಐದು ಸಲ ಗುಂಡಿ ಒತ್ತಿದಾನೆ, ಕೈ ಹಚ್ಚಬೇಡ ಅಂದಿದೀನಿ. ಒತ್ತಿದಾಗೆಲ್ಲ ಡೀಸೆಲ್ ಒಳಗೆ ಬಿದ್ದಿರುತ್ತೆ. ಸೇಠ್ ಬೇರೆ ಅವಸರ ಮಾಡ್ತಿದಾನಂತೆ. ಇನ್ನೊಂದು ಸಲ ಒತ್ತಿ ಕಿಡಿ ಹತ್ತಿದ್ರೆ ಎಲ್ಲ ಸಿಡಿದು ಆಪರೇಟರ್ ಉಳಿಯಲ್ಲ. ನಾನು ಹೋಗ್ಬೇಕು. ನೀವು ಭೀಮಣ್ಣನ್ನ ನನಗೆ ಕಾಯದೆ ಎತ್ತಿಬಿಡಿ."

*

ಮೂವತ್ತೆಂಟು ವರ್ಷದ ಹಿಂದೆ, ಗೌರಮ್ಮ ಮದುವೆಯಾದ ಹೊಸತು. ವಡೋದರಾದ ಅಲ್ಕಾಪುರಿಯ ಬಾಡಿಗೆ ಕೋಣೆಯಲ್ಲಿ ಮೊದಲ ಸತ್ಯನಾರಾಯಣ ಪೂಜೆ. ಬೆಳಿಗ್ಗೆ ಕೆಲಸಕ್ಕೆ ಹೋದ ರಾಯರು ಪೂಜೆಯ ಮುಹೂರ್ತ ಮೀರಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು. ಗೌರಮ್ಮ ಮುಖ ತಿರುಗಿಸಿದರು.

"ಬಾಯ್ಲರಿನೊಳಗೆ ಎಣ್ಣೆ ನಿಂತಿತ್ತು ಗೌರೀ. ಅದನ್ನ ತೆಗೆದು, ಗಾಳಿ ಊದಿಸಿ, ಆಮೇಲೇ ಕಿಡಿ ಕೊಡ್ಬೇಕು. ಅವಸರ ಮಾಡಿದ್ರೆ ಎದುರಿಗೆ ನಿಂತೋನು ಹೋಗ್ತಾನೆ. ಅವನ ಹೆಂಡ್ತೀನೂ ಎಲ್ಲೋ ಕಾಯ್ತಾ ಕೂತಿರ್ತಾಳಲ್ವಾ?"

ಜೇಬಿನಿಂದ ಒಂದು ಬಿಳಿ ಕಾಗದದ ಪಟ್ಟಿ ತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಚಿಮಣಿಯ ಹೊಗೆಯನ್ನು ಅದರ ಮೂಲಕ ಎಳೆದು ನೋಡುತ್ತಾರಂತೆ. ಉರಿ ಸರಿಯಿದ್ದರೆ ಮಸಿಯ ಚುಕ್ಕೆ ಬೀಳುವುದಿಲ್ಲವಂತೆ. ಅದನ್ನು ದೇವರ ಮುಂದಿಟ್ಟು ನಮಸ್ಕರಿಸಿದರು. ಅಂದಿನಿಂದ ಅಂಥ ಪಟ್ಟಿಗಳು ಗೌರಮ್ಮನ ಸ್ತೋತ್ರದ ಪುಸ್ತಕದಲ್ಲಿ ಪುಟದ ಗುರುತುಗಳಾದವು.

*

"ಹೋಗಿ ಬಾ ಹರೀ," ಎಂದರು ಗೌರಮ್ಮ. "ನೀನು ಬಂದ್ಮೇಲೇ ಎತ್ತೋದು."

"ರಾಹುಕಾಲ ಬರುತ್ತಮ್ಮ," ಎಂದರು ಆಚಾರ್ಯರು.

"ಬಂದು ಹೋಗ್ಲಿ ಬಿಡಿ ಆಚಾರ್ರೇ. ಮೂವತ್ತೆಂಟು ವರ್ಷ ತಟ್ಟೆ ಇಟ್ಕೊಂಡು ನಾನು ಕಾದಿದೀನಿ. ಇವತ್ತೊಂದಿನ ಅವ್ರು ಕಾಯ್ಲಿ."

ಯಾರೋ ಅಳುತ್ತಲೇ ನಕ್ಕರು.

ಮೂರು ಗಂಟೆ ಕಳೆಯಿತು. ಹರಿಪ್ರಸಾದ ಫೋನ್ ಎತ್ತಲಿಲ್ಲ. ಗೌರಮ್ಮ ಕಣ್ಣು ಮುಚ್ಚಿ ನಾಮ ಹೇಳುತ್ತಿದ್ದರು. ರಸ್ತೆಯಲ್ಲಿ ಲಾರಿ ಸದ್ದಾದರೂ ಬೆಚ್ಚುತ್ತಿದ್ದರು. ಕಿಶೋರ ಒಂದೊಂದೇ ಬೆರಣಿ ಇಟ್ಟು, ನಿಧಾನವಾಗಿ ಗಾಳಿ ಬೀಸುತ್ತ ಕುಳಿತಿದ್ದ.

ಕೊನೆಗೆ ರಿಕ್ಷಾ ಬಂದು ನಿಂತಿತು. ಹರಿಪ್ರಸಾದನ ಅಂಗಿಯ ತೋಳು ಡೀಸೆಲ್ಲಿನಲ್ಲಿ ತೊಯ್ದಿತ್ತು.

"ಕಿಡಿ ಕೊಡೋ ಕಡ್ಡಿ ಜರುಗಿತ್ತು ಅತ್ಗೇ. ಎಣ್ಣೆ ಎಲ್ಲ ಒರೆಸಿ, ಗಾಳಿ ಊದಿಸಿ, ಪಕ್ಕಕ್ಕೆ ನಿಂತು ಹೊತ್ತಿಸ್ದೆ. ಒಂದೇ ಸಲಕ್ಕೆ ಹಿಡೀತು." ಜೇಬಿನಿಂದ ಕಾಗದದ ಪಟ್ಟಿ ತೆಗೆದುಕೊಟ್ಟ.

ಗೌರಮ್ಮ ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಎಲ್ಲೂ ಮಸಿ ಹತ್ತಿರಲಿಲ್ಲ. ಆಮೇಲೆ ಬಗ್ಗಿ, ರಾಯರ ಎದೆಯ ಮೇಲಿನ ತುಳಸಿಮಾಲೆಯ ಕೆಳಗೆ ಸಿಕ್ಕಿಸಿದರು.

ಹರಿಪ್ರಸಾದ ಹೆಗಲು ಕೊಟ್ಟ. ಕಿಶೋರ ಮಡಕೆ ಎತ್ತಿಕೊಂಡು ಮುಂದೆ ನಡೆದ. ಒಳಗೆ ಬೆಂಕಿ ಕೆಂಪಗೆ ಉರಿಯುತ್ತಿತ್ತು, ಹೊಗೆ ಇರಲಿಲ್ಲ.