ಕಿಟಕಿ ಅಜ್ಜಿಯ ಒಂಬತ್ತರ ಜೋಡಿ

ಮುಖಕ್ಕೆ ಹಚ್ಚುವ ಪೌಡರಿನ ವಾಸನೆ ಎಲ್ಲಿ ಬಂದರೂ ನನಗೆ ನೆನಪಾಗುವುದು ಇಸ್ಪೀಟಿನ ಎಲೆಗಳು. ನನ್ನ ಸೋದರಮಾವ ರೈಲಿನಲ್ಲಿ ಗಾರ್ಡ್ ಆಗಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಒಂದು ಹಳೆಯ ಕಟ್ಟು. ಅಂಚು ಸವೆದು, ಬೆವರಿಗೆ ಅಂಟಿಕೊಂಡು, ಎರಡೆರಡು ಎಲೆ ಜೊತೆಯಾಗಿ ಏಳುತ್ತಿದ್ದವು. ಅಮ್ಮನ ಡಬ್ಬಿಯಿಂದ ಒಂದು ಚಿಟಿಕೆ ಪೌಡರು ಕದ್ದು, ಎಲೆಗಳ ಮೇಲೆ ಉದುರಿಸಿ, ಅಂಗೈಯಲ್ಲಿ ಸವರಿ ಹಂಚುತ್ತಿದ್ದ. ಆಗ ಅವು ನೆಲದ ಮೇಲೆ ದೋಣಿಯ ಹಾಗೆ ತೇಲಿ ಬಂದು ನನ್ನ ಮೊಣಕಾಲಿಗೆ ತಾಗಿ ನಿಲ್ಲುತ್ತಿದ್ದವು. ಒಳಗಿನಿಂದ ಅಮ್ಮ, "ನನ್ನ ಪೌಡರು ನನ್ನ ಮುಖಕ್ಕಿಂತ ನಿಮ್ಮ ರಾಜನ ಮುಖಕ್ಕೇ ಜಾಸ್ತಿ ಹೋಯ್ತು" ಎನ್ನುತ್ತಿದ್ದಳು. ಕದ್ದದ್ದು ಅವಳಿಗೆ ಗೊತ್ತಿತ್ತು. ಆದರೂ ಡಬ್ಬಿಯನ್ನು ಎಂದೂ ಮೇಲಿನ ಹಲಗೆಗೆ ಏರಿಸಲಿಲ್ಲ.

ಈಗ ನನಗೆ ಎಪ್ಪತ್ತಮೂರು. ಮೂವತ್ತನಾಲ್ಕು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತಳಾದವಳು. ವರ್ಷಕ್ಕೊಂದು ಭಾನುವಾರ ಬಸ್ ಡಿಪೋದ ನೌಕರರ ಸಭಾಂಗಣದಲ್ಲಿ ಪೋಕರ್ ಪಂದ್ಯ ನಡೆಯುತ್ತದೆ. ಅದಕ್ಕೆ ಹನ್ನೊಂದು ವರ್ಷದಿಂದ ತಪ್ಪದೆ ಹೋಗುತ್ತಿದ್ದೇನೆ. ಅಲ್ಲಿ ದುಡ್ಡಿನ ಪಣವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಐವತ್ತನಾಲ್ಕು ಜನರಿಗೂ ಸಮನಾಗಿ ಪ್ಲಾಸ್ಟಿಕ್ ಬಿಲ್ಲೆಗಳನ್ನು ಕೊಡುತ್ತಾರೆ; ಬಿಲ್ಲೆ ಮುಗಿದವರು ಎದ್ದು ಮನೆಗೆ. ಕೊನೆಗೆ ಒಂಬತ್ತು ಜನ ಉಳಿದಾಗ ಅವರನ್ನು ಒಂದೇ ಮೇಜಿಗೆ ಕೂರಿಸುತ್ತಾರೆ. ಆ ಒಂಬತ್ತು ಹೆಸರುಗಳನ್ನು ಗೋಡೆಯ ಮರದ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರೆ. ಗೆದ್ದವರು ಯಾರೆಂದು ಮುಂದಿನ ವರ್ಷಕ್ಕೆ ಯಾರಿಗೂ ನೆನಪಿರುವುದಿಲ್ಲ, ಹಲಗೆ ಮಾತ್ರ ಇರುತ್ತದೆ. ಅಲ್ಲಿ ನನ್ನ ಹೆಸರು ಒಮ್ಮೆ ಬರಬೇಕೆಂದು ನನಗೆ ಆಸೆ. ಒಮ್ಮೆ ಹದಿಮೂರನೆಯವಳಾಗಿ ಎದ್ದಿದ್ದೆ. ಅದೇ ನನ್ನ ದೊಡ್ಡ ಸಾಧನೆ.

ಈ ವರ್ಷ ಆ ಆಸೆಗೆ ಅವಸರವೂ ಕೂಡಿಕೊಂಡಿತ್ತು. ನನ್ನ ಎರಡು ಕಣ್ಣಿನ ನಡುಮಧ್ಯೆ ಒಂದೊಂದು ಮಂಜಿನ ಬೊಟ್ಟು ಕೂತಿದೆ. ನೇರವಾಗಿ ನೋಡಿದ್ದು ಕರಗಿಹೋಗುತ್ತದೆ. ಓರೆಯಾಗಿ ನೋಡಿದ್ದು ಉಳಿಯುತ್ತದೆ. ಮುಂದಿನ ವರ್ಷದ ಹೊತ್ತಿಗೆ ಓದಲು ಆಗುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಅವರು ಹೇಳಿದ್ದು ಪುಸ್ತಕದ ಬಗ್ಗೆ. ಎಲೆಯ ಬಗ್ಗೆ ಎಂದು ಅರ್ಥ ಮಾಡಿಕೊಂಡವಳು ನಾನು.

"ಗೋಡೆ ಮೇಲೆ ಹೆಸರು ಬರೋದಕ್ಕೆ ಅಷ್ಟು ಅವಸರ ಯಾಕಕ್ಕ? ಸತ್ತಮೇಲೆ ಹೇಗೂ ಫೋಟೋ ಸಮೇತ ಬರತ್ತೆ" ಎಂದಳು ನನ್ನ ತಂಗಿ, ನನ್ನನ್ನು ಸಭಾಂಗಣದ ಬಾಗಿಲಲ್ಲಿ ಇಳಿಸುತ್ತ.

"ಅಲ್ಲಿ ನನ್ನ ಹೆಸರು ಸರಿಯಾಗಿ ಬರೆದಿದಾರೋ ಇಲ್ವೋ ಅಂತ ನಾನು ನೋಡೋಕಾಗಲ್ವಲ್ಲೇ."

"ಸರಿ, ಗೆದ್ಕೊಂಡು ಬಾ. ಕಣ್ಣಿನ ವಿಷಯ ಬಾಯಿ ಬಿಡಬೇಡ. ಜನ ಅಯ್ಯೋ ಪಾಪ ಅಂದ್ರೆ ನಿನಗೆ ಮೈಯೆಲ್ಲ ಉರಿಯತ್ತೆ" ಎಂದು ಹೇಳಿ ಹೊರಟುಹೋದಳು.

ಸಭಾಂಗಣದ ಉದ್ದನೆಯ ಕಿಟಕಿಗಳು ಡಿಪೋದ ಅಂಗಳಕ್ಕೆ ತೆರೆದುಕೊಳ್ಳುತ್ತವೆ. ಭಾನುವಾರ ಅಲ್ಲಿ ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿ ತೊಳೆಯುತ್ತಾರೆ. ನೆಲದ ಮೇಲೆ ನಿಂತ ನೀರಿನಿಂದ ಬಿಸಿಲು ಪುಟಿದು ಒಳಗಿನ ಸೂರಿನ ತುಂಬ ಅಲೆಅಲೆಯಾಗಿ ಆಡುತ್ತದೆ. ಹಸಿರು ಬಟ್ಟೆ ಹೊದಿಸಿದ ಆರು ಮೇಜುಗಳು ನನಗೆ ಆರು ಕೊಳಗಳಂತೆ ಕಂಡವು. ಬಿಲ್ಲೆಗಳ ಕಟಕಟ ಶಬ್ದ ನೀರಿನಡಿಯಲ್ಲಿ ಬೆಣಚುಕಲ್ಲು ಉರುಳಿದಂತೆ ಎಲ್ಲೋ ದೂರದಿಂದ ಬರುತ್ತಿತ್ತು. ಎದುರಿಗಿದ್ದವರಿಗೆ ಮುಖವಿರಲಿಲ್ಲ, ಕಿವಿ, ಭುಜ, ಕೈಗಳಷ್ಟೇ ಇದ್ದವು. ನಿಜ ಹೇಳಬೇಕೆಂದರೆ, ಈ ಆಟಕ್ಕೆ ಅಷ್ಟು ಸಾಕು. ಮನುಷ್ಯ ಮುಖದಿಂದ ಹೇಳುವ ಸುಳ್ಳು ಭುಜಕ್ಕೆ ಇಳಿಯುವುದು ನಿಧಾನ.

ಆಟ ಸರಳ. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ ಒಂದಾದಮೇಲೊಂದು ತೆರೆಯುತ್ತವೆ. ಎರಡನ್ನೂ ಐದನ್ನೂ ಹೊಂದಿಸಿ ಯಾರದು ದೊಡ್ಡದೋ ಅವರಿಗೆ ನಡುವಿನ ಬಿಲ್ಲೆ. ಒಬ್ಬರು ಬಿಲ್ಲೆ ಮುಂದಿಟ್ಟಾಗ ಉಳಿದವರು ಅಷ್ಟೇ ಇಡಬೇಕು, ಇಲ್ಲವೇ ಎಲೆ ಎಸೆಯಬೇಕು; ಎಲ್ಲರೂ ಹೆದರಿ ಎಸೆದರೆ ಕೈಯಲ್ಲಿ ಏನಿದ್ದರೂ ಇಟ್ಟವರದೇ ಗೆಲುವು. ನಮ್ಮ ಎರಡು ಎಲೆಯನ್ನು ಪೂರ್ತಿ ಎತ್ತಿ ನೋಡುವಂತಿಲ್ಲ, ಪಕ್ಕದವರಿಗೂ ಕಂಡುಬಿಡುತ್ತದೆ. ಒಂದು ಮೂಲೆಯನ್ನು ಹೆಬ್ಬೆರಳಿನಲ್ಲಿ ಬಾಗಿಸಿ ನೋಡಬೇಕು. ನಾನು ಮೂಲೆ ಬಾಗಿಸಿ, ಮುಖವನ್ನು ಕಿಟಕಿಯ ಕಡೆ ತಿರುಗಿಸುತ್ತಿದ್ದೆ. ಆಗ ಕಣ್ಣಿನ ಅಂಚಿನಲ್ಲಿ ಅಂಕಿ ಮೆಲ್ಲಗೆ ಮೂಡುತ್ತಿತ್ತು.

"ನಮ್ಮ ಕಿಟಕಿ ಅಜ್ಜಿಗೆ ಎಲೆಗಿಂತ ಬಸ್ಸೇ ಇಷ್ಟ. ಯಾವ ರೂಟಿಗೆ ಕಾಯ್ತಿದೀರಿ ಅಜ್ಜಿ?" ಎಂದ ಪಕ್ಕದಲ್ಲಿ ಕೂತ ಬೀಗದವನು. ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡಿ, ಕೀಲಿ ಕೊರೆದುಕೊಡುವವನು. ನಲವತ್ತು ದಾಟಿರಬೇಕು. ಬೆರಳು ತುಂಬ ಉದ್ದ, ನಾಲಿಗೆ ಅದಕ್ಕಿಂತ ಉದ್ದ.

"ನಿನ್ನ ಬಿಲ್ಲೆ ಎಲ್ಲ ಹೇರಿಕೊಂಡು ಹೋಗೋ ಬಸ್ಸಿಗೆ" ಎಂದೆ.

ಮೇಜು ನಕ್ಕಿತು. ಮಧ್ಯಾಹ್ನದವರೆಗೆ ಅದೇ ಹೆಸರು ನನಗೆ ಅಂಟಿಕೊಂಡಿತು.

ಜನ ಕರಗುತ್ತ ಹೋದರು. ಕುರ್ಚಿಗಳು ಒಂದೊಂದಾಗಿ ಗೋಡೆಗೆ ಸರಿದವು. ಸೂರಿನ ಮೇಲಿನ ಬಿಸಿಲಿನ ಅಲೆ ಒಂದು ಮೂಲೆಯಿಂದ ಇನ್ನೊಂದಕ್ಕೆ ಈಜಿತು. ಹೊತ್ತು ಹೋದದ್ದೇ ತಿಳಿಯಲಿಲ್ಲ. ನೋಡಿದರೆ ಹತ್ತು ಜನ ಉಳಿದಿದ್ದೆವು, ಎರಡು ಮೇಜಿನಲ್ಲಿ ಐದೈದು. ಇನ್ನು ಒಬ್ಬರು ಎದ್ದರೆ ಉಳಿದ ಎಲ್ಲರ ಹೆಸರೂ ಹಲಗೆಗೆ. ನನ್ನ ಮುಂದೆ ಇದ್ದದ್ದು ಎರಡು ಅಂಗೈ ತುಂಬುವಷ್ಟು ಬಿಲ್ಲೆ. ಬೀಗದವನ ಹತ್ತಿರ ಅದಕ್ಕಿಂತ ತುಸು ಹೆಚ್ಚು.

"ಈ ಸಲ ಬೋರ್ಡಲ್ಲಿ ನನ್ನ ಹೆಸರು ಬರತ್ತೆ ಅಂತ ಹೆಂಡತಿಗೆ ಹೇಳಿಬಂದಿದೀನಿ. ಏಳು ವರ್ಷದಿಂದ ಇದನ್ನೇ ಹೇಳ್ತಿದೀನಿ, ಪಾಪ, ಇನ್ನೂ ನಂಬ್ತಾಳೆ" ಎಂದ.

ಎಲೆ ಹಂಚುತ್ತಿದ್ದವಳು ಡಿಪೋದ ಟಿಕೆಟ್ ಗುಮಾಸ್ತೆ. ಮಾತು ಕಡಿಮೆ, ಕೈ ಚುರುಕು. ನನ್ನ ಎರಡು ಎಲೆ ಬಂದವು. ಮೂಲೆ ಬಾಗಿಸಿ ಕಿಟಕಿಯ ಕಡೆ ತಿರುಗಿದೆ. ಒಂಬತ್ತು. ಇನ್ನೊಂದು, ಅದೂ ಒಂಬತ್ತು. ಎದೆಯೊಳಗೆ ಯಾರೋ ದೀಪ ಹಚ್ಚಿದಂತಾಯಿತು. ಬೀಗದವನು ಒಂದು ಹಿಡಿ ಬಿಲ್ಲೆ ಮುಂದಿಟ್ಟ. ಉಳಿದವರು ಎಲೆ ಎಸೆದರು. ನಾನು ಎರಡು ಕೈಯಿಂದ ನನ್ನದೆಲ್ಲವನ್ನೂ ಮುಂದೆ ತಳ್ಳಿದೆ. ಹನ್ನೊಂದು ವರ್ಷದಲ್ಲಿ ನಾನು ಹಾಗೆ ಮಾಡಿದ್ದು ಎರಡು ಸಲವೋ ಮೂರು ಸಲವೋ.

ಬೀಗದವನು ಮುಂದಕ್ಕೆ ಬಾಗಿದ. ನನ್ನ ಕೈಯನ್ನೇ ನೋಡುತ್ತಿದ್ದಾನೆ ಎಂದು ಅವನ ಭುಜದಿಂದ ತಿಳಿಯುತ್ತಿತ್ತು. ಅಂಗಳದಲ್ಲಿ ನೀರಿನ ಪೈಪು ನಿಂತಿತು, ಮತ್ತೆ ಶುರುವಾಯಿತು.

"ಈ ಅಜ್ಜಿ ಸುಮ್ಮನೆ ತಳ್ಳೋರಲ್ಲ" ಎಂದು ಕೊನೆಗೆ ತನಗೆ ತಾನೇ ಹೇಳಿಕೊಂಡು, ತನ್ನ ಎರಡು ಎಲೆಯನ್ನು ಮಗುಚಿ ತೋರಿಸಿ ಎಸೆದ. "ಹತ್ತರ ಜೋಡಿ. ನೋಡಿ, ಎಂಥ ಹೇಡಿ ನಾನು."

ಗೆದ್ದವರು ಎಲೆ ತೋರಿಸಲೇಬೇಕೆಂದಿಲ್ಲ. ನನಗೆ ಹೆಮ್ಮೆ ತಡೆಯಲಾಗಲಿಲ್ಲ. "ನಂದೂ ಜೋಡೀನೇ ಕಣಪ್ಪ, ಒಂಬತ್ತರದ್ದು" ಎಂದು ಅವನಿಗೆ ಮಾತ್ರ ಕೇಳುವಂತೆ ಪಿಸುಗುಟ್ಟಿ, ಎಲೆ ಮಗುಚಿದೆ.

ಮೇಜಿನ ಸುತ್ತಲಿನ ಭುಜಗಳೆಲ್ಲ ನನ್ನ ಕಡೆ ತಿರುಗಿದವು. ಯಾಕೆಂದು ನನಗೆ ತಿಳಿಯಲಿಲ್ಲ. ನೇರ ನೋಡಿದೆ, ಮಂಜು. ಬೀಗದವನು ನನ್ನ ಮುಖ ನೋಡಿದ, ಎಲೆ ನೋಡಿದ. ಆಮೇಲೆ ತೊಡೆ ತಟ್ಟಿ ನಕ್ಕ.

"ಅಬ್ಬಾ ಅಜ್ಜಿ, ಒಂದು ಒಂಬತ್ತು, ಒಂದು ಆರು ಇಟ್ಕೊಂಡು ನನ್ನ ಹತ್ತರ ಜೋಡೀನ ಓಡಿಸಿಬಿಟ್ರಲ್ಲ. ಏನು ಗುಂಡಿಗೆ ನಿಮ್ದು."

ಎಲ್ಲರೂ ಹೋ ಎಂದರು. ಎದುರಿಗಿದ್ದ ಹಲ್ಲಿನ ಡಾಕ್ಟರಮ್ಮ, "ನಾನು ಇವರನ್ನ ಸಾಧು ಅಂದ್ಕೊಂಡಿದ್ದೆ, ನೋಡಿದ್ರೆ ಮಹಾ ಕಳ್ಳಿ" ಎಂದಳು. ನಾನು ನಗುವಂತೆ ತುಟಿ ಮಾಡಿದೆ. ಆರು. ಮೂವತ್ತನಾಲ್ಕು ವರ್ಷ ಒಂದು ಚುಕ್ಕೆ ತಪ್ಪಿದರೂ ಹಿಡಿಯುತ್ತಿದ್ದ ಕಣ್ಣು, ಆರನ್ನು ಒಂಬತ್ತು ಎಂದು ಓದಿತ್ತು. ಆ ತಪ್ಪಿಗೆ ಬಹುಮಾನವೆಂಬಂತೆ ಬಿಲ್ಲೆಗಳು ನನ್ನ ಕಡೆ ತೇಲಿ ಬರುತ್ತಿದ್ದವು.

ಮುಂದಿನ ಆಟದಿಂದ ಬೀಗದವನಿಗೆ ಹೊಸದೊಂದು ಚಟ ಹಿಡಿಯಿತು. ನಡುವೆ ಬಿದ್ದ ಎಲೆಗಳ ಹೆಸರನ್ನೆಲ್ಲ ಗಟ್ಟಿಯಾಗಿ ಹೇಳತೊಡಗಿದ. "ಬಂದ ನೋಡಿ ಕಳಾವರ್ ಗುಲಾಮ, ಹಿಂದೆ ಬಡಪಾಯಿ ಮೂರು, ಇಸ್ಪೀಟು ರಾಣಿ ಒಬ್ಬಳೇ ಬಂದಿದಾಳೆ." ಆಟದ ನಡುವೆ ಹಾಗೆ ಮಾತಾಡುವ ಪದ್ಧತಿ ಅಲ್ಲಿಲ್ಲ. ಬಸ್ಸಿನ ಮೆಕ್ಯಾನಿಕ್ ಒಬ್ಬ, "ಏನಯ್ಯ, ರೇಡಿಯೋ ನುಂಗಿದೀಯಾ?" ಎಂದು ಗೊಣಗಿದ. ಗುಮಾಸ್ತೆ ತಲೆ ಎತ್ತಿದಳು. ಗದರಿಸುತ್ತಾಳೆ ಎಂದುಕೊಂಡೆ. ಅವಳು ಎಲೆಯನ್ನು ಇಡುವುದನ್ನು ತುಸು ನಿಧಾನ ಮಾಡಿದಳು, ಅವನ ಬಾಯಿಗೆ ಹೊಂದುವ ಹಾಗೆ.

ಆದರೆ ಹತ್ತರ ಜೋಡಿಯ ಜೊತೆಗೆ ಎಸೆದ ಬಿಲ್ಲೆ ಅವನಿಗೆ ಭಾರವಾಯಿತು. ನಾಲ್ಕಾರು ಆಟದಲ್ಲಿ ಅವನ ಗುಡ್ಡೆ ಒಣಗಿಹೋಯಿತು. ಕೊನೆಗೆ ಉಳಿದದ್ದನ್ನೆಲ್ಲ ಮುಂದೆ ಸರಿಸಿದ. ಡಾಕ್ಟರಮ್ಮ ಅಷ್ಟೇ ಬಿಲ್ಲೆ ಇಟ್ಟು ಎದುರಾದಳು. ಇಬ್ಬರ ಎಲೆಗಳೂ ತೆರೆದವು.

"ನಂದು ಎಕ್ಕ, ಏಳು. ಡಾಕ್ಟರಮ್ಮಂದು ಎಂಟರ ಜೋಡಿ. ಈಗ ನನ್ನ ಹಲ್ಲು ಇವರ ಕೈಯಲ್ಲಿ" ಎಂದ. ಯಾರಿಗೂ ಓದಿ ಹೇಳುವ ಅಗತ್ಯವಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಗುಮಾಸ್ತೆ ಎಲೆ ಇಡುತ್ತ ಹೋದಳು, ಅವನು ಓದುತ್ತ ಹೋದ. "ನಾಲ್ಕು. ರಾಜ. ಆಹಾ, ಎಕ್ಕ ಬಂದ, ಈಗ ನಾನು ಮುಂದೆ. ಇನ್ನೊಂದು ಎಲೆ, ಬರೀ ಎರಡು, ಏನೂ ಇಲ್ಲ." ಕೊನೆಯ ಎಲೆ ಬಿತ್ತು.  ಅವನು ಅದೇ ದನಿಯಲ್ಲಿ, "ಎಂಟು, ಅಜ್ಜಿ" ಎಂದ.

ಡಾಕ್ಟರಮ್ಮನ ಎಂಟು ಮೂರಾಗಿತ್ತು. ಬೀಗದವನ ಕುರ್ಚಿ ಸರಿಯಿತು. ಡಾಕ್ಟರಮ್ಮನ ಕೈ ಕುಲುಕಿದ. ಉಳಿದ ನಾವು ಒಂಬತ್ತು ಜನ. ಎರಡು ಮೇಜಿನವರೂ ಚಪ್ಪಾಳೆ ತಟ್ಟಿದರು. ಗುಮಾಸ್ತೆ ಚೀಟಿಯಲ್ಲಿ ನನ್ನ ಹೆಸರು ಬರೆದುಕೊಂಡು, "ಮುಕ್ಕಾಲು ಗಂಟೆ ಊಟದ ಬಿಡುವು, ಆಮೇಲೆ ಕೊನೇ ಮೇಜು" ಎಂದಳು. ನನ್ನ ಕೈ ಕೂಡ ಚಪ್ಪಾಳೆ ತಟ್ಟುತ್ತಿತ್ತು. ಅದರ ಶಬ್ದ ನನಗೆ ಕೇಳಿಸಲಿಲ್ಲ.

ಗೋಡೆ ಸವರಿಕೊಂಡು ಹೊರಗೆ ಬಂದೆ. ಬೀಗದವನು ಮೆಟ್ಟಿಲ ಮೇಲೆ ಕೂತು ತೊಳೆದ ಬಸ್ಸುಗಳನ್ನು ನೋಡುತ್ತಿದ್ದ. ಪಕ್ಕದಲ್ಲಿ ಕೂತೆ.

"ನೋಡಪ್ಪ, ಅದು ಗುಂಡಿಗೆ ಅಲ್ಲ. ನನಗೆ ಕಾಣಲಿಲ್ಲ."

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಒಂಬತ್ತರ ಜೋಡಿ ಅಂದ್ರಲ್ಲ, ಆಗ. ಬೆಳಿಗ್ಗೆಯಿಂದ್ಲೂ ಒಂಚೂರು ಅನುಮಾನ ಇತ್ತು. ಬೀಗದೊಳಗೆ ತಂತಿ ಹಾಕಿದಾಗ ನಾನೂ ಬೀಗ ನೋಡಲ್ಲ, ಬೇರೆ ಕಡೆ ನೋಡ್ತೀನಿ."

"ಹಾಗಾದ್ರೆ ಈ ಜಾಗ ನಿಂದು. ಒಳಗೆ ಹೋಗಿ ಹೇಳ್ತೀನಿ. ನನ್ನ ಬದಲು ನೀನು ಕೂತ್ಕೋ."

"ಬಸ್ ಸೀಟಾ ಅಜ್ಜಿ ಇದು, ವಯಸ್ಸಾದೋರು ಎದ್ದು ಚಿಕ್ಕೋರಿಗೆ ಬಿಟ್ಕೊಡೋಕೆ?" ಎಂದು ನಕ್ಕ. ಆಮೇಲೆ ನಗು ಇಳಿಸಿ, "ಹತ್ತರ ಜೋಡಿ ಎಸೆದದ್ದು ನನ್ನ ಕೈ, ನಿಮ್ಮ ಕಣ್ಣಲ್ಲ. ನೀವು ಸುಳ್ಳು ತಳ್ಳಿದ್ರೆ ನಾನು ಹಿಡೀತಿದ್ದೆ. ಒಂಬತ್ತೇ ಅಂತ ನಂಬಿ ತಳ್ಳಿದ್ರಿ. ನಿಮ್ಮ ಕೈ ಒಂಚೂರೂ ನಡುಗಲಿಲ್ಲ. ಅದಕ್ಕೇ ನಾನು ಹೆದರಿದ್ದು" ಎಂದ.

"ನಿನ್ನ ಹೆಂಡತಿಗೆ ಏನು ಹೇಳ್ತೀಯ?"

"ಮುಂದಿನ ವರ್ಷ ಅಂತೀನಿ. ನನಗೆ ಇನ್ನೂ ಬೇಕಾದಷ್ಟು ವರ್ಷ ಇದೆ."

ನಿಮಗೆ ಇಲ್ಲ ಎಂಬುದನ್ನು ಅವನು ಹೇಳಲಿಲ್ಲ. ಹೇಳದೆ ಬಿಟ್ಟದ್ದಕ್ಕೆ ನಾನು ಮನಸ್ಸಿನಲ್ಲೇ ಕೃತಜ್ಞಳಾದೆ.  ನೀರು ತೊಟ್ಟಿಕ್ಕುವ ಬಸ್ಸುಗಳು ಬಿಸಿಲಿನಲ್ಲಿ ಈಗಷ್ಟೇ ಎಲ್ಲಿಂದಲೋ ತೇಲಿ ಬಂದಂತೆ ಹೊಳೆಯುತ್ತಿದ್ದವು.

"ಕೊನೇ ಮೇಜಲ್ಲಿ ಎಲೆ ಓದೋಕೆ ನಾನಿರಲ್ಲ. ನೀವೇ ಬಾಯಿ ಬಿಟ್ಟು ಕೇಳಬೇಕು" ಎಂದ.

"ಅಯ್ಯೋ ಪಾಪ ಅಂತಾರೆ."

"ಒಂದು ಸಲ ಅಂತಾರೆ. ಆಮೇಲೆ ನಿಮ್ಮ ಬಿಲ್ಲೆ ಕಿತ್ಕೊಳ್ಳೋಕೆ ನೋಡ್ತಾರೆ. ಆ ಡಾಕ್ಟರಮ್ಮಂಗೆ ಪಾಪ ಪುಣ್ಯ ಎರಡೂ ಇಲ್ಲ."

ನಗು ಬಂತು. "ಕೇಳ್ತೀನಿ" ಎಂದೆ. ಹಾಗೆಂದಮೇಲೆ ಹೊಟ್ಟೆ ಖಾಲಿ ಇರುವುದು ತಿಳಿಯಿತು. ಪ್ರತಿ ವರ್ಷ ಈ ಹೊತ್ತಿಗೆ ನಾನು ಮನೆ ಸೇರಿರುತ್ತಿದ್ದೆ. ಊಟ ಕಟ್ಟಿಕೊಂಡು ಬರಬೇಕೆಂದು ನನಗೂ ತಂಗಿಗೂ ಹೊಳೆದಿರಲೇ ಇಲ್ಲ. ಒಳಗೆ ಡಬ್ಬಿಗಳ ಮುಚ್ಚಳ ತೆರೆಯುವ ಸದ್ದು ಕೇಳಿಸುತ್ತಿತ್ತು. ನಾನು ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಕೂತೆ.

 ಬೀಗದವನು ತನ್ನ ಚೀಲ ಬಿಚ್ಚಿ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ತೆಗೆದ. ಗಂಟು ಸಡಿಲಿಸಿ, ಚಮಚವನ್ನು ಅಂಗಿಯ ತುದಿಯಲ್ಲಿ ಒರೆಸಿ ನನ್ನ ಬೆರಳುಗಳ ನಡುವೆ ಇಟ್ಟ. ಆಮೇಲೆ ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ನನ್ನ ಮಡಿಲಿಗೆ ಸರಿಸಿದ.