ಸಾಬೆಪಾ ಎಂಬ ಊರು

ಎಲ್ಲಿಂದ ಶುರು ಮಾಡಲಿ? ತಾಮ್ರದ ತಗಡಿನಿಂದಲೋ, ಹೆಣದಿಂದಲೋ? ಮೊದಲ ಡ್ರಾಫ್ಟಿನಲ್ಲಿ ಪ್ಯಾರಿಸ್ಸಿನ ಮಂಜು, ಇಗರ್ಜಿಯ ಗಂಟೆ ಎಲ್ಲ ಇದ್ದವು. ಹರಿದುಹಾಕಿದೆ. ಇನ್ನೂರೈವತ್ತು ವರ್ಷದ ಹಿಂದಿನ ಮಂಜನ್ನು ನಾನೇನು ಕಂಡಿದ್ದೇನೆಯೇ? ಹೆಣದಿಂದ ಶುರು ಮಾಡೋಣವೆಂದರೆ ಅದಿನ್ನೂ ಸಿಕ್ಕಿಲ್ಲ.

೧

ಪೆರಿನ್ ಪ್ಯಾರಿಸ್ಸಿನಲ್ಲಿ ನಕ್ಷೆಗಳಿಗೆ ಅಕ್ಷರ ಕೊರೆಯುವವಳು. ಬೆಟ್ಟ, ಹೊಳೆಗಳನ್ನು ಬೇರೆಯವರು ಕೊರೆಯುತ್ತಾರೆ. ಊರ ಹೆಸರುಗಳು ಮಾತ್ರ ಇವಳವು. ಅಚ್ಚಿನ ತಾಮ್ರದ ತಗಡಿನ ಮೇಲೆ ಎಲ್ಲವನ್ನೂ ತಿರುಗಾಮುರುಗಾ ಕೊರೆಯಬೇಕು, ಒತ್ತಿದಾಗ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ.

ಅವಳ ಅಣ್ಣ ಬ್ಲೇಸ್ ಅವಳು ಕೊರೆಯುತ್ತಿದ್ದ ನಕ್ಷೆಗಾಗಿಯೇ ನೆಲ ಅಳೆಯಲು ದೇಶದ ದಕ್ಷಿಣದ ಬೆಟ್ಟಸೀಮೆಗೆ ಹೋಗಿದ್ದ. ಅವನ ಹಿತ್ತಾಳೆಯ ದುರ್ಬೀನು ಕಂಡು, ಇವನಾರೋ ಮಾಟಗಾರನೆಂದು ಯಾವುದೋ ಊರಿನವರು ಹುಲ್ಲೆತ್ತುವ ಕವೆಗೋಲಿನಿಂದ ತಿವಿದು ಕೊಂದರು. ಸುದ್ದಿಯೂ ಟಿಪ್ಪಣಿ ಪುಸ್ತಕವೂ ಹತ್ತು ಕೈ ದಾಟಿ ಪ್ಯಾರಿಸ್ಸಿಗೆ ಬಂದವು. ಕೊನೆಯ ಪುಟದಲ್ಲಿ ಒಂದೇ ಪದ: ಸಾಬೆಪಾ. ಅಳತೆ ಇರಲಿಲ್ಲ. ನಕ್ಷೆ ಅಚ್ಚುಹಾಕಿಸುವ ಅಂಗಡಿಯ ಯಜಮಾನರು ಅಂದಾಜಿನ ಮೇಲೆ ಎರಡು ಬೆಟ್ಟಗಳ ನಡುವೆ ಚುಕ್ಕೆ ಇಡಿಸಿದರು.

ಆ ಹೆಸರನ್ನು ಪೆರಿನ್ ಒಂದಿಡೀ ದಿನ ಕೊರೆದಳು. ವಸಂತ ಬಂದೊಡನೆ ಅಲ್ಲಿಗೆ ಹೋಗಿ, ಅಣ್ಣನನ್ನು ಹೂತ ಜಾಗ ಹುಡುಕಿ ಶಿಲುಬೆ ನೆಡಿಸಬೇಕು. ಬದುಕಿನಲ್ಲಿ ಅವಳಿಗೆ ಬೇಕಿದ್ದದ್ದು ಅದೊಂದೇ.

(ಇಲ್ಲೇ ಅಳಬೇಡಿ ಓದುಗರೇ, ಸ್ವಲ್ಪ ಉಳಿಸಿಕೊಳ್ಳಿ.)

೨

ಮನೆಮನೆಗೆ ನೀರು ಹೊರುವ ಗಾಸ್ಪಾರ್ ಆ ಬೆಟ್ಟಸೀಮೆಯವನೇ. ಬಿಂದಿಗೆ ಇಳಿಸುತ್ತಿದ್ದವನನ್ನು ಪೆರಿನ್ ತಡೆದಳು.

"ಗಾಸ್ಪಾರ್, ನಿಮ್ ಕಡೆ ಸಾಬೆಪಾಗೆ ಯಾವ ದಾರಿ ಹಿಡೀಬೇಕು?"

"ಏನಂದ್ರಿ?"

"ಸಾಬೆಪಾ. ಊರು."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ, ಅದು ಊರಲ್ಲಮ್ಮೋ! ನಮ್ ಮಾತಲ್ಲಿ ಹಂಗಂದ್ರೆ 'ಗೊತ್ತಿಲ್ಲ' ಅಂತ. ಯಾವ ಪುಣ್ಯಾತ್ಮ ಬರಕೊಂಡ ಇದನ್ನ?"

"ನಮ್ಮಣ್ಣ."

ಅವನ ನಗು ಇಂಗಿಹೋಯಿತು.

"ಊರಿನೋರಿಗೆ ಊರ ಹೆಸ್ರು ಗೊತ್ತಿರಲ್ವೇನೋ?"

"ಗೊತ್ತಿರ್ತದೆ ತಾಯಿ. ಅಳೆಯೋಕೆ ಬಂದೋರಿಗೆ ಯಾರು ಹೇಳ್ತಾರೆ? ಇವತ್ತು ಅಳೀತಾರೆ, ನಾಳೆ ಕಂದಾಯ ಹಾಕ್ತಾರೆ."

೪

(ಮೂರರಲ್ಲಿ ಪೆರಿನ್ ಅತ್ತಳು. ಅಳು ಚೆನ್ನಾಗಿ ಬಂದಿರಲಿಲ್ಲ, ತೆಗೆದಿದ್ದೇನೆ.)

ವಿಷಯ ತಿಳಿದು ಯಜಮಾನರು ಸಿಡುಕಿದರು: "ಇಲ್ಲದ ಊರನ್ನ ಅಚ್ಚು ಹಾಕಿದ್ರೆ ಊರೆಲ್ಲ ನಗುತ್ತೆ. ತಗಡು ಬೋರಲು ಹಾಕಿ, ಹಿಂದಿಂದ ಸುತ್ತಿಗೇಲಿ ತಟ್ಟಿ ಅಳಿಸು."

ತಾಮ್ರದಲ್ಲಿ ಅಳಿಸುವುದೆಂದರೆ ಹಾಗೆಯೇ, ತಟ್ಟಿದರೆ ಕೊರೆದ ಗುಳಿ ಮೇಲೆದ್ದು ಸಮವಾಗುತ್ತದೆ. ಪೆರಿನ್ ಸುತ್ತಿಗೆ ಹಿಡಿದು ಕುಳಿತಿದ್ದಾಳೆ. ಹೊಡೆದರೆ ಅಣ್ಣನ ಗೋರಿ ಇದ್ದ ಒಂದೇ ಜಾಗವೂ ಹೋಗುತ್ತದೆ.

ಎಂಡಿಂಗ್ ಒಂದು: ಹೊಡೆಯುತ್ತಾಳೆ. ನಕ್ಷೆ ಸರಿಯಾಗುತ್ತದೆ. ಅವಳು ಸರಿಯಾಗುವುದಿಲ್ಲ.

ಎಂಡಿಂಗ್ ಎರಡು: ಸುತ್ತಿಗೆ ಎಸೆದು ಬೆಟ್ಟ ಹತ್ತುತ್ತಾಳೆ. ಸಿಕ್ಕ ಸಿಕ್ಕ ಊರಲ್ಲಿ ಕೇಳುತ್ತಾಳೆ: "ಇದ್ಯಾವ ಊರಪ್ಪಾ?" ಪರಸ್ಥಳದ ಹೆಂಗಸನ್ನು ಕಂಡು ಬಾಗಿಲು ಅರ್ಧ ಮುಚ್ಚಿ ಅವರು ಹೇಳುತ್ತಾರೆ: "ಸಾಬೆಪಾ." "ನಮ್ಮಣ್ಣನ್ನ ಎಲ್ಲಿ ಹೂತಿದ್ದೀರಿ?" "ಸಾಬೆಪಾ." ಹೆಸರು ಸರಿಯಾಗಿಯೇ ಇದೆ, ಊರೂ ಅದೇ ಇರಬಹುದು. ಮುಂದಿನ ಊರೂ ಅದೇ.

ನನಗೆ ಎರಡನೆಯದು ಇಷ್ಟವಾಗಿತ್ತು. ಬರೆಯುತ್ತಿದ್ದಂತೆ, ಇನ್ನೂ ಸುತ್ತಿಗೆ ಹಿಡಿದೇ ಕುಳಿತಿದ್ದ ಪೆರಿನ್ ನನ್ನತ್ತ ತಿರುಗಿದಳು.

"ಏ, ಅಲ್ಲಿ ಕೂತು ನನ್ನ ಬೀದಿ ಬೀದಿ ಅಲೆಸ್ತಿದ್ದೀಯಲ್ಲ, ನಿನಗೆ ಕರುಳಿಲ್ವಾ? ನಮ್ಮಣ್ಣನ್ನ ಕೊಲ್ಲಿಸಿದೋನು ನೀನೇ. ನೀನಾದ್ರೂ ಹೇಳು. ಯಾವ ಊರದು?"

ಅಮ್ಮಾ ತಾಯಿ, ನಾನು ಆ ಊರಿಗೆ ಹೆಸರೇ ಇಟ್ಟಿರಲಿಲ್ಲ. ಕಥೆಗೆ ಬೇಕಾಗಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, "ಗೊತ್ತಿಲ್ಲ" ಎಂದೆ.

ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಸುತ್ತಿಗೆ ಕೆಳಗಿಟ್ಟು ಉಳಿ ತೆಗೆದುಕೊಂಡಳು. ತಗಡಿನ ಮೇಲೆ, ಆ ಚುಕ್ಕೆಯ ಪಕ್ಕಕ್ಕೆ ಬಗ್ಗಿ ಕೇಳಿದಳು:

"ನಿಧಾನಕ್ಕೆ ಹೇಳು. ಮೊದಲನೇ ಅಕ್ಷರ ಯಾವುದು?"