ಸುಳ್ಳು ಹೇಳದ ಮುಳ್ಳು

“ಏನಲೇ ಅದು? ಶ್ಯಾವಗಿ ಹೊಸಿಯೂ ಮಷಿನ್ ತಂದಿಯೇನು? ಇಲ್ಲಿ ಗಾಡಿ ಕೆಟ್ಟೈತಿ, ಯಾರ ಮನಿ ಮದವಿನೂ ಇಲ್ಲ!”

ಲೋಕಾಪುರದ ಹತ್ತಿರದ ಸುಣ್ಣಗಲ್ಲಿನ ಗಣಿಯಲ್ಲಿ ಮ್ಯಾನೇಜರ್ ಹಲಗಲಿ ಸಾಹೇಬರು ಹೀಗೆಂದಾಗ ಟಿಪ್ಪರ್ ಡ್ರೈವರ್‌ಗಳೆಲ್ಲ ಚಹಾದ ಲೋಟ ಹಿಡಿದುಕೊಂಡೇ ನಕ್ಕರು. ಸಾಹೇಬರಿಗೆ ಅಷ್ಟು ಸಾಲಲಿಲ್ಲ. “ಒಂಬತ್ತನೇತ್ತಾ ಬಿಟ್ಟು ಓಡಿದಾಂವನ್ನ ಕಂಪ್ಯೂಟರ್ ಗಾಡಿ ನೋಡಾಕ ಕರಕೊಂಡ ಬಂದೀಯಲ್ಲೋ ಗದಿಗೆಪ್ಪಾ! ನಿನಗ ತಲಿ ನೆಟ್ಟಗೈತೇನು?” ಎಂದರು. ಮತ್ತೆ ನಗು.

ಆ ಶ್ಯಾವಿಗೆ ಮಷಿನ್ ನಾನೇ. ನಾನು ಒಂದು ಮೆಗ್ಗರ್, ಕರೆಂಟಿನ ಸೋರಿಕೆ ಹಿಡಿಯುವ ಮೀಟರು. ನೀವೂ ನಗುವುದಾದರೆ ನಗಿ, ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ಯಾವುದೋ ದೂರದ ಊರಿನ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಕರಿ ಮೈ, ಹೊಟ್ಟೆಯಲ್ಲಿ ಅಯಸ್ಕಾಂತ, ಪಕ್ಕದಲ್ಲಿ ಹಿಡಿಕೆ, ನೆತ್ತಿಯ ಗಾಜಿನ ಕೆಳಗೆ ಒಂದು ಮುಳ್ಳು. ಬ್ಯಾಟರಿ ಗೀಟರಿ ನನಗೆ ಬೇಕಿಲ್ಲ. ಹಿಡಿಕೆ ತಿರುಗಿಸಿದರೆ ನಾನೇ ಐದುನೂರು ವೋಲ್ಟ್ ಹುಟ್ಟಿಸುತ್ತೇನೆ. ತಂತಿಯಲ್ಲಿ ಹರಿಯುವ ಕರೆಂಟು ಯಂತ್ರದ ಮೈಗೆ ಸೋರದಂತೆ ತಡೆ ಗಟ್ಟಿಯಾಗಿದ್ದರೆ ಮುಳ್ಳು ಅಡ್ಡ ಮಲಗಿದ ಎಂಟರ ಗುರುತಿಗೆ, ಅಂದರೆ ಅನಂತಕ್ಕೆ, ಹೋಗಿ ನಿಲ್ಲುತ್ತದೆ. ಸೋರುತ್ತಿದ್ದರೆ ಸೊನ್ನೆಯ ಕಡೆಗೆ ಬೀಳುತ್ತದೆ. ಇಷ್ಟೇ ನನ್ನ ವಿದ್ಯೆ. ಆದರೆ ಸುಳ್ಳು ಹೇಳಿ ಗೊತ್ತಿಲ್ಲ.

ಮೊದಲ ಇಪ್ಪತ್ತೆರಡು ವರ್ಷ ಘಟಪ್ರಭೆಯ ದಂಡೆಯ ಒಂದು ಪಂಪ್‌ಹೌಸಿನಲ್ಲಿದ್ದೆ. ಮಳೆಗಾಲ ಮುಗಿದ ಮೇಲೆ ನನ್ನನ್ನು ಕೇಳದೆ ಯಾರೂ ಮೋಟಾರಿನ ಸ್ವಿಚ್ ಒತ್ತುತ್ತಿರಲಿಲ್ಲ. ಆಮೇಲೆ ಅಂಕಿ ತೋರಿಸುವ ಹಳದಿ ಬಣ್ಣದ ಡಿಜಿಟಲ್ ಮೀಟರ್ ಒಬ್ಬ ಬಂದ. ಸ್ಟೋರಿನವನು ನನ್ನ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ‘ನಿರುಪಯೋಗಿ’ ಎಂದು ಬರೆದು ಗುಜರಿಗೆ ಹಾಕಿದ. ಅವನು ಒಂದು ಸಲವಾದರೂ ನನ್ನ ಹಿಡಿಕೆ ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ.

ಬಾಗಲಕೋಟೆಯ ಗುಜರಿ ಅಂಗಡಿಯಲ್ಲಿ ಒಳಗಿನ ತಾಮ್ರಕ್ಕಾಗಿ ನನ್ನನ್ನು ಒಡೆಯಲು ಸುತ್ತಿಗೆ ಎತ್ತಿದ್ದರು. ಆಗ ಒಂದು ಕೈ ಅಡ್ಡ ಬಂತು. “ಏ, ತಡೀ! ಅದಕ್ಕ ಇನ್ನೂ ಜೀವ ಐತಿ.” ಯಮನೂರನ ಕೈ ಅದು. ಒಂಬತ್ತನೇ ತರಗತಿಯಲ್ಲಿ ಇಂಗ್ಲಿಷ್ ಪಾಠ ಓದಲಾಗಲಿಲ್ಲವೆಂದು ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದ ದಿನ, ಬೆಂಚಿನಿಂದ ಇಳಿದವನು ಸೀದಾ ಮೋಟಾರ್ ವೈಂಡಿಂಗ್ ಅಂಗಡಿಗೆ ನಡೆದಿದ್ದ. ಈಗ ಅವನಿಗೆ ಇಪ್ಪತ್ತನಾಲ್ಕು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನನ್ನ ಹಿಡಿಕೆ ಹಿಡಿದಾಗ ಆ ಸಿಟ್ಟು ಒಂದೇ ವೇಗದಲ್ಲಿ, ಒಂದೇ ಲಯದಲ್ಲಿ ತಿರುಗುತ್ತದೆ. ಅವನಂಥ ಕೈ ನಾನು ಪಂಪ್‌ಹೌಸಿನಲ್ಲೂ ಕಂಡಿರಲಿಲ್ಲ.

ಈಗ ಗಣಿಯ ಮಾತು. ಕೆಟ್ಟು ನಿಂತದ್ದು ಹೈಬ್ರಿಡ್ ಎಕ್ಸ್‌ಕವೇಟರ್, ಅರ್ಧ ಡೀಸೆಲ್ಲು, ಅರ್ಧ ಕರೆಂಟು. ಅದರ ಮೇಲಿನ ಮೈಯನ್ನು ಸುತ್ತ ತಿರುಗಿಸುವುದು ಕರೆಂಟಿನ ಮೋಟಾರು. ಆ ಮೋಟಾರಿಗೆ ಅಳತೆ ಮಾಡಿ ಕರೆಂಟು ಕೊಡುವ ಪೆಟ್ಟಿಗೆಗೆ ಇನ್ವರ್ಟರ್ ಎನ್ನುತ್ತಾರೆ. ಹದಿನೈದು ದಿನಗಳಿಂದ ಪರದೆಯ ಮೇಲೆ ‘ಇ-೨೧೭’ ಎಂಬ ಕೋಡ್ ಬಂದು ಗಾಡಿ ನಿಂತುಬಿಡುತ್ತಿತ್ತು. ಬೆಳಗಾವಿಯಿಂದ ಬಂದ ಸರ್ವಿಸ್ ಇಂಜಿನಿಯರ್ ಅಭಿಜಿತ್ ಲ್ಯಾಪ್‌ಟಾಪ್ ಹಚ್ಚಿ ನೋಡಿ, ಇನ್ವರ್ಟರ್ ಹೋಗಿದೆ, ಆಪರೇಟರ್ ಪೈಪು ಹಿಡಿದು ನೀರು ಹೊಡೆದಿದ್ದೇ ಕಾರಣ ಎಂದು ಕಾಗದ ಬರೆದಿದ್ದ. ಹಲಗಲಿ ಸಾಹೇಬರ ಸಹಿಯೊಂದು ಬಾಕಿ. ಸಹಿ ಬಿದ್ದರೆ ಇಪ್ಪತ್ತೊಂದು ವರ್ಷದಿಂದ ಗಾಡಿ ನಡೆಸಿದ ಆಪರೇಟರ್ ಗದಿಗೆಪ್ಪ ಮನೆಗೆ. ‘ಗಾಡಿ ಸುಟ್ಟಾಂವ’ ಎಂಬ ಹೆಸರು ಅಂಟಿದವನನ್ನು ಮತ್ತಾವ ಗಣಿಯವರೂ ಸೀಟಿನ ಮೇಲೆ ಕೂರಿಸುವುದಿಲ್ಲ. ಅದಕ್ಕೇ ಅವನು ಯಮನೂರನನ್ನು ಕರೆತಂದಿದ್ದ.

ನಗು ಮುಗಿಯುವವರೆಗೆ ಯಮನೂರ ಹಲ್ಲು ಕಚ್ಚಿಕೊಂಡು ನಿಂತ. ಆಮೇಲೆ ಗದಿಗೆಪ್ಪನ ಕಡೆ ತಿರುಗಿದ.

“ಕಾಕಾ, ಕೋಡ್ ಯಾವಾಗ ಬರತೈತಿ?”

“ಮುಂಜಾನೆ ಅಷ್ಟ. ಬಿಸಲ ಏರಿದ್ರ ತಾನ ಹೊಕ್ಕೈತಿ. ಮಧ್ಯಾಹ್ನ ಗಾಡಿ ಬುಗುರಿ ಹಂಗ ತಿರಗತೈತಿ ನೋಡು.”

“ಇಂಜಿನಿಯರ್ ಸಾಹೇಬ್ರ, ಸುಟ್ಟ ಸಾಮಾನು ಬಿಸಲಿಗೆ ಆರಾಮ ಅಕ್ಕೈತೇನ್ರಿ?”

ಅಭಿಜಿತ್ ಲ್ಯಾಪ್‌ಟಾಪಿನಿಂದ ತಲೆ ಎತ್ತಿದ. “ನೋಡಪ್ಪ, ಬುಕ್ಕಿನಲ್ಲಿ ಕ್ಲಿಯರ್ ಇದೆ. ಈ ಕೋಡ್ ಕೊಡೋದು ಇನ್ವರ್ಟರ್.”

“ಹೌದ್ರಿ, ಕೂಗಿದ್ದು ಇನ್ವರ್ಟರ್. ಹಾವು ಹಾವು ಅಂತ ಕೂಗಿದಾಂವನ್ನ ಹಿಡದು ಬಡದ್ರ ಹಾವು ಸಾಯತೈತೇನ್ರಿ?”

ಡ್ರೈವರ್‌ಗಳ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಈ ಸಲದ ನಗು ನಮ್ಮ ಕಡೆಯದು.

ಯಮನೂರ ಗಾಡಿ ಬಂದ್ ಮಾಡಿಸಿದ. ಒಳಗೆ ಕೂಡಿಟ್ಟ ಕರೆಂಟು ಪೂರ್ತಿ ಇಳಿಯಲಿ ಎಂದು ಕಾದ. ಸಾಹೇಬರು ಎರಡು ಸಲ ಗಡಿಯಾರ ನೋಡಿಕೊಂಡರು, ಅವನು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ರಬ್ಬರ್ ಕೈಗವಸು ಹಾಕಿಕೊಂಡು, ಮೋಟಾರಿಗೆ ಹೋಗುವ ಕೇಸರಿ ಕೇಬಲ್ಲನ್ನು ಇನ್ವರ್ಟರ್‌ನಿಂದ ಬಿಡಿಸಿದ. ನನ್ನ ಒಂದು ತಂತಿ ಆ ಕೇಬಲ್ಲಿಗೆ, ಇನ್ನೊಂದು ಗಾಡಿಯ ಮೈಗೆ. ಹಿಡಿಕೆ ತಿರುಗಿತು. ನನ್ನ ಮುಳ್ಳು ಸೊನ್ನೆಯ ಹತ್ತಿರ ಬಿದ್ದುಕೊಂಡಿತು.

“ಬರ್ರಿ, ನೋಡ್ರಿ. ನಿಮ್ಮ ಇನ್ವರ್ಟರ್ ಈಗ ಲೈನಿನಾಗ ಇಲ್ಲ. ಆದ್ರೂ ಸೋರಾಕ ಹತ್ತೈತಿ. ಅಂದಮ್ಯಾಲೆ ಕಳ್ಳ ಆ ಕಡೆ ಅದಾನ.”

ಅಭಿಜಿತ್ ಬಂದು ನನ್ನ ಗಾಜಿಗೆ ಮೂಗು ತಾಗಿಸಿ ನೋಡಿದ. ಮತ್ತೊಮ್ಮೆ ತಿರುಗಿಸು ಎಂದ. ನೂರು ಸಲ ತಿರುಗಿಸಿದರೂ ನನ್ನ ಮಾತು ಅದೇ.

ಯಮನೂರ ಮೋಟಾರಿನ ನೆತ್ತಿಯ ಮುಚ್ಚಳದ ಬೋಲ್ಟು ಬಿಚ್ಚಿದ. ಕೆಳಗಿನ ರಬ್ಬರ್ ವಾಶರ್ ಮಡಚಿಕೊಂಡಿತ್ತು. ಒಳಗೆ, ಕೇಬಲ್ಲಿನ ತುದಿಗಳ ಸುತ್ತ, ಕೆಂಪು ರಾಡಿ. ಅವನು ಬೆರಳಿನಿಂದ ಕೆರೆದು ಮೂಸಿದ. ಕುಂಕುಮ. ಅದರ ಕೆಳಗೆ ಮೂರು ಬೆರಳಗಲದ ವಿಭೂತಿ. ಮೂಲೆಯಲ್ಲಿ ಒಂದು ತೆಂಗಿನ ನಾರು.

ಡ್ರೈವರ್‌ಗಳೆಲ್ಲ ಸಾಹೇಬರ ಕಡೆ ತಿರುಗಿದರು. ಆಯುಧ ಪೂಜೆಯ ದಿನ “ಇದರ ಜೀವ ಇರೂದು ಕರೆಂಟಿನಾಗ, ಪೂಜಾ ಅಲ್ಲೇ ಆಗಬೇಕು” ಎಂದು ಆ ಮುಚ್ಚಳ ತೆಗೆಸಿ, ಕೈಯಾರೆ ವಿಭೂತಿ ಎಳೆದು, ಕಾಯಿ ಒಡೆದು ಅದರ ನೀರು ಚಿಮುಕಿಸಿದವರು ಯಾರೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತೆಂಗಿನಕಾಯಿಯ ನೀರಿನಲ್ಲಿ ಉಪ್ಪಿನಂಶವಿರುತ್ತದೆ. ಚಳಿಗಾಲದ ಇಬ್ಬನಿಗೆ ಆ ರಾಡಿ ಹಸಿಯಾಗಿ ಕರೆಂಟು ಸೋರುತ್ತಿತ್ತು. ಬಿಸಿಲಿಗೆ ಒಣಗಿದರೆ ಗಾಡಿ ಸಾಚಾ. ಹಲಗಲಿ ಸಾಹೇಬರು ಗಣಿಯ ಆಚೆ ಅಂಚಿನ ಜಾಲಿ ಗಿಡವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಯಮನೂರ ಸ್ಪಿರಿಟ್ ಹಚ್ಚಿ ಒರೆಸಿದ, ಬಿಸಿಗಾಳಿ ಹಿಡಿದು ಒಣಗಿಸಿದ, ಹೊಸ ವಾಶರ್ ಕೂರಿಸಿದ. ಮತ್ತೆ ನನ್ನ ಹಿಡಿಕೆ. ಈಗ ನನಗೆ ವಯಸ್ಸಾಗಿದೆ. ಗಾಜು ಬಿರುಕು ಬಿಟ್ಟಿದೆ, ತಿರುಗುವಾಗ ಹೊಟ್ಟೆಯಲ್ಲಿ ಗರಗರ ಸದ್ದು. ಆದರೂ ಆ ಬೆಳಿಗ್ಗೆ ನನ್ನ ಮುಳ್ಳು ಸೊನ್ನೆ ಬಿಟ್ಟು ಎದ್ದು, ಅಂಕಿಗಳನ್ನೆಲ್ಲ ದಾಟಿ, ಅನಂತಕ್ಕೆ ಹೋಗಿ ನಿಂತಾಗ, ನನ್ನನ್ನು ಒಡೆಯಲು ಎತ್ತಿದ್ದ ಸುತ್ತಿಗೆಯೂ ಅಲ್ಲಿರಬೇಕಿತ್ತು ಅನ್ನಿಸಿತು. ದುಡಿಯುವ ವಸ್ತುವನ್ನು ಮುಟ್ಟಿ ನೋಡದೆ ಹಣೆಬರಹ ಬರೆಯುವವರು ಎಷ್ಟು ಜನ! ಮನುಷ್ಯರಿಗೂ ಅವರು ಹಾಗೆಯೇ ಮಾಡುತ್ತಾರೆ.

ಗದಿಗೆಪ್ಪ ಕ್ಯಾಬಿನ್ ಹತ್ತಿ ಚಾಲೂ ಮಾಡಿದ. ಪರದೆಯ ಮೇಲೆ ಕೋಡ್ ಇಲ್ಲ. ಗಾಡಿಯನ್ನು ಗರಗರನೆ ಒಂದು ಪೂರ್ತಿ ಸುತ್ತು ತಿರುಗಿಸಿದ. ಡ್ರೈವರ್‌ಗಳು ಸಿಳ್ಳೆ ಹೊಡೆದರು. ಅಭಿಜಿತ್ ಒಳ್ಳೆಯವನು, ಎಲ್ಲರ ಎದುರೇ ಹಳೆಯ ಕಾಗದ ಹರಿದು ಹೊಸದು ಬರೆಯಲು ಕುಳಿತ.

“ಸರ್, ಕಾರಣ ಏನಂತ ಬರೀಲಿ?”

ಸಾಹೇಬರು ಬಾಯಿ ತೆರೆಯುವುದರೊಳಗೆ ಮೇಲಿನಿಂದ ಗದಿಗೆಪ್ಪ ಕೂಗಿದ: “ಭಕ್ತಿ ಜಾಸ್ತಿ ಆತು ಅಂತ ಬರೀರಿ ಸಾಹೇಬ್ರ!”

ಇಡೀ ಗಣಿ ನಕ್ಕಿತು. ಯಮನೂರ ಮಾತ್ರ ನಗಲಿಲ್ಲ. ನನ್ನ ತಂತಿ ಸುತ್ತಿ, ಚರ್ಮದ ಪಟ್ಟಿ ಹೆಗಲಿಗೆ ಹಾಕಿಕೊಂಡು ಹೊರಟ. ಹಲಗಲಿ ಸಾಹೇಬರು ಅವನ ಬೆನ್ನ ಹಿಂದೆ ನಾಲ್ಕು ಹೆಜ್ಜೆ ಬಂದರು. ದನಿ ಬೆಣ್ಣೆಯಂತಾಗಿತ್ತು.

“ತಮ್ಮಾ, ನಿಂದ್ರೋ. ಇಂಥಾವು ಇನ್ನೂ ಮೂರು ಗಾಡಿ ಬರಾವ ಅದಾವು. ನಾಳಿಂದ ಇಲ್ಲೇ ಬಂದ್ಬಿಡು. ಏನಂತಿ? ಬರ್ತೀ ಇಲ್ಲೋ?”

ಯಮನೂರ ನಿಲ್ಲಲಿಲ್ಲ. ಹಿಂತಿರುಗಿ ನೋಡಲೂ ಇಲ್ಲ. ಬಿಳಿ ಧೂಳಿನ ದಾರಿಯಲ್ಲಿ ದೊಡ್ಡ ಹೆಜ್ಜೆ ಇಡುತ್ತ ನಡೆದೇಬಿಟ್ಟ. ನಾನು ಅವನ ಬೆನ್ನ ಮೇಲೆ ಹಿಂದಕ್ಕೆ ಮುಖ ಮಾಡಿ ತೂಗುತ್ತಿದ್ದೆ. ಹಾಗಾಗಿ, ಉತ್ತರಕ್ಕೆ ಕಾಯುತ್ತ ನಿಂತ ಸಾಹೇಬರ ಮುಖವನ್ನು ತಿರುವು ಬರುವವರೆಗೂ ಕಣ್ತುಂಬ ನೋಡುವ ಭಾಗ್ಯ ನನ್ನದಾಯಿತು.